ತೂಕಕ್ಕೆ ಹೋದ ಮೈಕ್ ಸೆಟ್

ಹಳೆಯ ರೇಡಿಯೊ, ಹಳೆಯ ಟಿವಿ, ಹಳೆಯ ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಮನೆಯಲ್ಲಿದ್ದರೆ ಅದರೊಳಗೆ ರೆಡ್ ಮರ್ಕ್ಯುರಿ, ಅಂದರೆ ಕೆಂಪು ಪಾದರಸ ಇರುತ್ತದೆ, ಅದಕ್ಕೆ ಲಕ್ಷಗಟ್ಟಲೆ ರೂಪಾಯಿ ಕೊಡುತ್ತಾರೆ ಅನ್ನುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ನಮಗಂತೂ ವರ್ಷಕ್ಕೆ ಎರಡು ಸಲ ಬರುತ್ತದೆ. ಬಂದ ಮರುದಿನ ಸುತ್ತಲಿನ ಹಳ್ಳಿಗಳಿಂದ ಫೋನ್ ಶುರು. ಪೇಪರ್‌ನವರಿಗೆ ಎಲ್ಲ ಗೊತ್ತಿರುತ್ತದೆ ಅಂತ ಜನರ ನಂಬಿಕೆ. ‘ಸರ, ಯಾರಿಗೆ ಕೊಡಬೇಕ್ರಿ, ನಂಬರ್ ಇದ್ರ ಕೊಡ್ರಿ’ ಅಂತ ಕೇಳುತ್ತಾರೆ.

ಇದನ್ನು ಮೊದಲೇ ಮುಗಿಸಿಬಿಡೋಣ. ರೇಡಿಯೊದೊಳಗೆ ಕೆಂಪು ಪಾದರಸ ಇಲ್ಲ. ಬೆಳ್ಳುಳ್ಳಿ ಹಿಡಿದರೆ ದೂರ ಸರಿಯುತ್ತದೆ, ಬಂಗಾರ ಹಿಡಿದರೆ ಹತ್ತಿರ ಬರುತ್ತದೆ, ಕನ್ನಡಿಯಲ್ಲಿ ಕಾಣುವುದಿಲ್ಲ ಅಂತ ತೋರಿಸುವುದೆಲ್ಲ ಕೈಚಳಕ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಇದೇ ಸುದ್ದಿ ಸಿಂಗರ್ ಹೊಲಿಗೆ ಯಂತ್ರದ ಬಗ್ಗೆ ಹಬ್ಬಿ, ಜನ ಹಳೆಯ ಯಂತ್ರಗಳಿಗೆ ಮುಗಿಬಿದ್ದಿದ್ದರು. ಅಲ್ಲಿ ಹೊಲಿಗೆ ಯಂತ್ರ, ಇಲ್ಲಿ ರೇಡಿಯೊ, ಅಷ್ಟೇ ವ್ಯತ್ಯಾಸ. ನಮಗೆ ಗೊತ್ತಿರುವ ಒಬ್ಬರು ‘ಪರೀಕ್ಷೆ ಫೀಸು’ ಅಂತ ಫೋನಿನಲ್ಲೇ ದುಡ್ಡು ಕಳಿಸಿದರು. ಕೊಳ್ಳುವವನ ನಂಬರ್ ಆಮೇಲೆ ಬಂದ್.

ಆದರೆ ಫೋನ್ ಮಾಡುವವರ ಒಂದು ಅನುಮಾನ ಮಾತ್ರ ಸರಿಯಾಗಿದೆ. ಆ ಹಳೆಯ ಪೆಟ್ಟಿಗೆಗೆ ಬೆಲೆ ಇದೆ. ಅದು ವಿಡಿಯೊ ಹೇಳುವ ಲಕ್ಷವೂ ಅಲ್ಲ, ಗುಜರಿಯವನು ತಕ್ಕಡಿಗೆ ಹಾಕಿ ಹೇಳುವ ಕಬ್ಬಿಣದ ರೇಟೂ ಅಲ್ಲ. ನಡುವೆ ಒಂದು ನಿಜವಾದ ಬೆಲೆ ಇದೆ. ಅದು ಹೆಚ್ಚಾಗಿ ಮಾರುವವರಿಗೆ ಗೊತ್ತಿರುವುದಿಲ್ಲ, ಕೊಳ್ಳುವವರಿಗಷ್ಟೇ ಗೊತ್ತಿರುತ್ತದೆ. ಈ ಬರಹ ಆ ಬೆಲೆಯ ಬಗ್ಗೆ.

ನಮಗೆ ಇದು ತಿಳಿದದ್ದು ನಮ್ಮೂರಿನ ಮೈಕ್ ಕಾಕಾನಿಂದ. ರಾಣೆಬೆನ್ನೂರು ಕಡೆಯ ಹಳ್ಳಿ ನಮ್ಮದು. ಕಾಕಾ ನಮಗೆ ರಕ್ತಸಂಬಂಧಿ ಅಲ್ಲ, ಊರಿಗೆಲ್ಲ ಕಾಕಾ. ಜಾತ್ರೆ, ಮದುವೆ, ಪುರಾಣ ಪ್ರವಚನ, ಸಣ್ಣಾಟ, ಕಂಪನಿ ನಾಟಕ, ಚುನಾವಣೆ ಜೀಪು, ಯಾವುದಿದ್ದರೂ ಬೇವಿನ ಮರಕ್ಕೆ ಹಾರ್ನ್ ಕಟ್ಟುವವರು ಅವರೇ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ಬಂದ ಮೇಲೆ ವಾಲ್ವಿನ ಪೆಟ್ಟಿಗೆಗಳು ಮೂಲೆ ಸೇರಿದವು. ಡಿಜೆ ಬಂದ ಮೇಲೆ ಟ್ರಾನ್ಸಿಸ್ಟರ್ ಪೆಟ್ಟಿಗೆಗಳೂ ಅದರ ಪಕ್ಕಕ್ಕೆ ಹೋದವು. ಕೆಲವು ವರ್ಷಗಳ ಹಿಂದೆ ಅವರ ಮಗ ಅಂಗಡಿಯಲ್ಲಿ ಮೊಬೈಲ್ ರಿಪೇರಿ ಶುರು ಮಾಡಿದಾಗ ಜಾಗ ಬೇಕಾಯಿತು. ಎರಡು ವಾಲ್ವ್ ಆಂಪ್ಲಿಫೈಯರ್ ಗುಜರಿಗೆ ಹೋದವು. ಎರಡೂ ಸೇರಿ ಇಪ್ಪತ್ತೆಂಟು ಕೆ.ಜಿ. ಬಂದದ್ದು ಸಾವಿರದ ನೂರು ರೂಪಾಯಿ.

‘ಎಷ್ಟಕ್ಕ ಕೊಟ್ರಿ ಕಾಕಾ?’ ಅಂತ ಕೇಳಿದ್ದಕ್ಕೆ, ‘ಕೊಟ್ಟಿದ್ದೇನ್ ಬಂತು ತಮ್ಮಾ, ಜಾಗ ಖಾಲಿ ಆತು ಅಷ್ಟ’ ಅಂದರು.

ಗುಜರಿಯವನಿಗೂ ಅದರ ಬೆಲೆ ಗೊತ್ತಿರಲಿಲ್ಲ. ಅವನು ಟ್ರಾನ್ಸ್‌ಫಾರ್ಮರ್ ಒಡೆದು ತಾಮ್ರ ಬಿಡಿಸಿಕೊಂಡ, ತಗಡು ಬೇರೆ ಹಾಕಿದ, ಗಾಜಿನ ವಾಲ್ವುಗಳನ್ನು ಕಸಕ್ಕೆ ಎಸೆದ. ಇಡೀ ಪೆಟ್ಟಿಗೆಯಲ್ಲಿ ಬೆಲೆ ಬಾಳುವುದು ಒಡೆಯದ ಟ್ರಾನ್ಸ್‌ಫಾರ್ಮರ್ ಮತ್ತು ಆ ಗಾಜು. ಹಾಗಾಗಿ ಇಲ್ಲಿ ಯಾರೂ ಯಾರಿಗೂ ಮೋಸ ಮಾಡಲಿಲ್ಲ, ಆದರೂ ಮಾಲು ಹಾಳಾಯಿತು. ನಮಗೆ ಹೆಚ್ಚು ಬೇಜಾರಾದದ್ದು ಅದಕ್ಕೇ.

ವಾಲ್ವ್ ಅಂದರೆ ಏನು ಅಂತ ಚಿಕ್ಕವರಿಗೆ ಒಂದು ಮಾತು ಹೇಳಬೇಕು. ಗಾಳಿ ತೆಗೆದ ಗಾಜಿನ ಬುರುಡೆ, ಒಳಗೆ ಬಲ್ಬಿನಂತೆ ಕೆಂಪಗೆ ಕಾಯುವ ತಂತಿ. ಕಾದ ಭಾಗದಿಂದ ಎಲೆಕ್ಟ್ರಾನುಗಳು ಹೊರಟು ಸುತ್ತಲಿನ ತಗಡಿಗೆ ಹರಿಯುತ್ತವೆ. ನಡುವೆ ಒಂದು ಸಣ್ಣ ಜಾಲರಿ. ಆ ಜಾಲರಿಗೆ ಮೈಕಿನಿಂದ ಬಂದ ಚೂರೇ ಚೂರು ಕರೆಂಟ್ ಕೊಟ್ಟರೆ ಸಾಕು, ದೊಡ್ಡ ಹರಿವು ಅದರಂತೆ ಹೆಚ್ಚು ಕಡಿಮೆ ಆಗುತ್ತದೆ. ನಮ್ಮ ಕೆರೆಯ ತೂಬು ಇದ್ದ ಹಾಗೆ. ತೂಬನ್ನು ಎರಡು ಬೆರಳಷ್ಟು ಎತ್ತಿದರೆ ಇಡೀ ಗದ್ದೆ ಬಯಲಿಗೆ ನೀರು ಹರಿಯುತ್ತದಲ್ಲ, ಹಾಗೆ. ಬ್ರಿಟಿಷರು ಇದನ್ನು ವಾಲ್ವ್ ಅಂದರು, ಅಮೆರಿಕದವರು ಟ್ಯೂಬ್ ಅಂದರು. ಎರಡೂ ಒಂದೇ. 1947ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಟ್ರಾನ್ಸಿಸ್ಟರ್ ಹುಟ್ಟಿದ ಮೇಲೆ ಇವುಗಳ ಕಾಲ ನಿಧಾನಕ್ಕೆ ಮುಗಿಯುತ್ತ ಬಂತು. ಟ್ರಾನ್ಸಿಸ್ಟರ್ ಸಣ್ಣದು, ಅಗ್ಗ, ಕಾಯುವುದು ಕಡಿಮೆ, ಬಿದ್ದರೆ ಒಡೆಯುವುದಿಲ್ಲ. ಎಲ್ಲ ಲೆಕ್ಕದಲ್ಲೂ ವಾಲ್ವ್ ಸೋಲಬೇಕು, ಸೋತಿತು. ಆದರೂ ಒಂದು ಕಡೆ ಸೋಲಲಿಲ್ಲ. ಅದು ಎಲೆಕ್ಟ್ರಿಕ್ ಗಿಟಾರ್.

ಗಿಟಾರಿಗೂ ನಮ್ಮ ಜಾತ್ರೆಯ ಮೈಕ್ ಸೆಟ್ಟಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಎಲೆಕ್ಟ್ರಿಕ್ ಗಿಟಾರ್ ತಾನಾಗಿ ಹೆಚ್ಚು ಸದ್ದು ಮಾಡುವುದಿಲ್ಲ, ಆಂಪ್ಲಿಫೈಯರ್‌ಗೆ ಸಿಕ್ಕಿಸಿದರಷ್ಟೇ ದನಿ. ಆ ಆಂಪ್ಲಿಫೈಯರ್‌ನ ವಾಲ್ಯೂಮ್ ಪೂರ್ತಿ ಏರಿಸಿದಾಗ ದನಿ ಒಡೆಯುತ್ತದೆ. ಟ್ರಾನ್ಸಿಸ್ಟರ್‌ನಲ್ಲಿ ದನಿಯ ತುದಿ ಕತ್ತರಿಯಲ್ಲಿ ಕತ್ತರಿಸಿದಂತೆ ತಟ್ಟನೆ ಚಪ್ಪಟೆಯಾಗುತ್ತದೆ. ಒಳ್ಳೆಯ ವಾಲ್ವ್ ಆಂಪ್ಲಿಫೈಯರ್‌ನಲ್ಲಿ ತುದಿ ನಿಧಾನಕ್ಕೆ ದುಂಡಗಾಗುತ್ತ ಬಾಗುತ್ತದೆ. ಜೋರಾಗಿ ಬಾರಿಸಿದರೆ ಒಳಗಿನ ವೋಲ್ಟೇಜ್ ಒಂದು ಕ್ಷಣ ಕುಸಿದು ಮತ್ತೆ ಏಳುತ್ತದೆ, ದನಿ ಉಸಿರಾಡಿದಂತೆ ಕೇಳುತ್ತದೆ. ರಾಕ್ ಸಂಗೀತದವರಿಗೆ ಬೇಕಾದದ್ದೇ ಈ ಒಡೆದ ದನಿ. ಕಾಕಾಗೆ ಇದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ. ‘ಗೊತ್ತೈತಿ ಬಿಡು. ಜಾತ್ರಿ ರಾತ್ರಿ ಫುಲ್ ಇಟ್ರ ವಾಲ್ವಿಂದು ದನಿ ಒಡೀತಿತ್ತು, ಆದ್ರ ಕಿವೀಗ ಚುಚ್ಚತಿರಲಿಲ್ಲ’ ಅಂದರು.

ಗಿಟಾರ್ ಆಂಪ್ಲಿಫೈಯರ್ ಮಾಡಿದ ದೊಡ್ಡ ಹೆಸರುಗಳೂ ಕಾಕಾನಂಥವರೇ. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ ಲಿಯೊ ಫೆಂಡರ್ 1938ರಲ್ಲಿ ತೆರೆದದ್ದು ರೇಡಿಯೊ ರಿಪೇರಿ ಅಂಗಡಿ. ಮೈಕ್ ಸೆಟ್ ಬಾಡಿಗೆಗೂ ಕೊಡುತ್ತಿದ್ದರು. ಅಲ್ಲಿಂದ ಗಿಟಾರ್, ಆಂಪ್ಲಿಫೈಯರ್ ತಯಾರಿಕೆಗೆ ಹೋದರು. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಕಲಿಸುತ್ತಿದ್ದ ಜಿಮ್ ಮಾರ್ಷಲ್ ಅವರದು ವಾದ್ಯದ ಅಂಗಡಿ. ಅಮೆರಿಕದ ಆಂಪ್ಲಿಫೈಯರ್ ತರಿಸುವುದು ದುಬಾರಿ ಅಂತ ಅವರೂ ಅವರ ಜೊತೆಗಾರರೂ 1962ರಲ್ಲಿ ಫೆಂಡರ್ ಬಾಸ್‌ಮನ್ ಅನ್ನುವ ಮಾದರಿಯನ್ನೇ ಮುಂದಿಟ್ಟುಕೊಂಡು, ಇಂಗ್ಲೆಂಡಿನಲ್ಲಿ ಸಿಗುವ ಸಾಮಾನು ಹಾಕಿ ತಮ್ಮ ಮೊದಲ ಪೆಟ್ಟಿಗೆ ಕಟ್ಟಿದರು. ಅದೇ ಜೆಟಿಎಂ45. ಇಂಗ್ಲೆಂಡಿನದೇ ಇನ್ನೊಂದು ಹೆಸರು ವಾಕ್ಸ್. ಅದರ ಎಸಿ30 ಮಾದರಿಯನ್ನು ಬೀಟಲ್ಸ್ ಬಳಸಿದರು. ಆ ಎಸಿ30ರಲ್ಲಿ ದನಿಯನ್ನು ಸ್ಪೀಕರಿಗೆ ತಳ್ಳುವುದು ಇಎಲ್84 ಅನ್ನುವ ನಾಲ್ಕು ವಾಲ್ವ್. ನಮ್ಮಜ್ಜಂದಿರ ಕಾಲದ ಎಷ್ಟೋ ಟೇಬಲ್ ರೇಡಿಯೊಗಳಲ್ಲಿ ಸ್ಪೀಕರಿಗೆ ದನಿ ಕೊಡುತ್ತಿದ್ದದ್ದೂ ಇದೇ ಇಎಲ್84, ಒಂದೇ ಒಂದು. ಮಾರ್ಷಲ್‌ನವರು ಮುಂದೆ ಹಿಡಿದದ್ದು ಇಎಲ್34. ಕಾಕಾನ ಮೈಕ್ ಸೆಟ್ಟಿನಲ್ಲಿ ನಾವು ಕಣ್ಣಾರೆ ಕಂಡದ್ದೂ ಜೋಡಿ ಇಎಲ್34.

ಈಗ ಬೆಲೆಯ ವಿಷಯ. ಅಲ್ಲಿಯ ಮಾರುಕಟ್ಟೆಯಲ್ಲಿ ಹಳತಾದ ಮಾತ್ರಕ್ಕೆ ಬೆಲೆ ಇಲ್ಲ. ಫೆಂಡರ್ ಕಂಪನಿಯನ್ನು 1965ರಲ್ಲಿ ಸಿಬಿಎಸ್ ಅನ್ನುವ ದೊಡ್ಡ ಸಂಸ್ಥೆ ಕೊಂಡಿತು. ಅದಕ್ಕೆ ಮುಂಚಿನದಕ್ಕೆ ಒಂದು ರೇಟು, ಆಮೇಲಿನದಕ್ಕೆ ಇನ್ನೊಂದು. ನಿಜವಾಗಿ ಕೊಂಡ ಮರುದಿನವೇ ದನಿ ಕೆಡಲಿಲ್ಲ, ಅದೇ ಕೆಲಸಗಾರರು ಅದೇ ಸಾಮಾನಿನಲ್ಲಿ ಕೆಲಸ ಮುಂದುವರಿಸಿದ್ದರು. ಆದರೂ ಕೊಳ್ಳುವವರ ಮನಸ್ಸಿನಲ್ಲಿ ಗೆರೆ ಬಿದ್ದುಬಿಟ್ಟಿದೆ. ಮಾರ್ಷಲ್ ತಯಾರಿಸಿದ ಭಾಷಣದ ಮೈಕ್ ಸೆಟ್ ಪೆಟ್ಟಿಗೆಗಳೂ ಇವೆ. ಒಳಗೆ ಹೆಚ್ಚು ಕಡಿಮೆ ಅದೇ ಸಾಮಾನು, ಆದರೆ ಗಿಟಾರಿನದಕ್ಕಿಂತ ಕಡಿಮೆಗೆ ಸಿಗುತ್ತವೆ. ತಿಳಿದವರು ಅದನ್ನು ಕೊಂಡು ಗಿಟಾರಿಗೆ ಹೊಂದಿಸಿಕೊಳ್ಳುತ್ತಾರೆ. ನಮ್ಮ ಹಳ್ಳಿಯ ಮೈಕ್ ಸೆಟ್ ಹುಡುಕಿಕೊಂಡು ಬೆಂಗಳೂರಿನ ಹುಡುಗರು ಬರುವುದಕ್ಕೂ ಇದೇ ಕಾರಣ. ನಿಜವಾದ ಹಳೆಯ ಮಾರ್ಷಲ್ ಅವರ ಕೈಗೆ ಎಟಕುವುದಿಲ್ಲ, ಅಹುಜಾ ಎಟಕುತ್ತದೆ.

ಕೊಳ್ಳುವವರು ಅಸಲಿತನವನ್ನು ಹೇಗೆ ನೋಡುತ್ತಾರೆ ಗೊತ್ತೇ? ಅಮೆರಿಕದ ಹಳೆಯ ಪೆಟ್ಟಿಗೆಗಳಲ್ಲಿ ಟ್ರಾನ್ಸ್‌ಫಾರ್ಮರ್, ಸ್ಪೀಕರ್ ಮೇಲೆ ಅಂಕಿಗಳನ್ನು ಒತ್ತಿರುತ್ತಾರೆ. ಮೊದಲ ಮೂರು ಅಂಕಿ ಕಾರ್ಖಾನೆಯದು: 606 ಇದ್ದರೆ ಶುಮಾಕರ್ ಟ್ರಾನ್ಸ್‌ಫಾರ್ಮರ್, 220 ಇದ್ದರೆ ಜೆನ್ಸನ್ ಸ್ಪೀಕರ್. ಮುಂದಿನ ಅಂಕಿಗಳು ವರ್ಷ ಮತ್ತು ವಾರ. ಪೆಟ್ಟಿಗೆ 1963ರದು ಅಂತ ಮಾರುವವ ಹೇಳಿ, ಸ್ಪೀಕರಿನ ಅಂಕಿ 1968ರದಾಗಿದ್ದರೆ ಆ ಸ್ಪೀಕರ್ ಆಮೇಲೆ ಹಾಕಿದ್ದು ಅಂತ ಗೊತ್ತಾಗಿ ರೇಟು ಇಳಿಯುತ್ತದೆ. ನಮ್ಮಲ್ಲಿ ದನ ಕೊಳ್ಳುವಾಗ ಹಲ್ಲು ಎಣಿಸುವುದಿಲ್ಲವೇ, ಹಾಗೆ.

ಬೆಂಗಳೂರಿನ ಪಾಲೂ ಈ ಕಥೆಯಲ್ಲಿದೆ. ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್, ಅಂದರೆ ಬಿಇಎಲ್, 1954ರಲ್ಲಿ ಶುರುವಾದದ್ದು ಸೇನೆಗೆ ಬೇಕಾದ ಸಾಮಾನು ಮಾಡಲು. 1961ರಿಂದ ಅಲ್ಲಿ ರೇಡಿಯೊ ವಾಲ್ವುಗಳೂ ತಯಾರಾದವು. ನಮ್ಮ ದೇಶದ ರೇಡಿಯೊಗಳಿಗೆ, ಮೈಕ್ ಸೆಟ್ಟುಗಳಿಗೆ ಆ ವಾಲ್ವ್ ಹೋದವು. ಬಿಇಎಲ್ ಅಂತ ಅಚ್ಚಾದ ಇಎಲ್84, ಇಸಿಸಿ83 ವಾಲ್ವುಗಳನ್ನು ಇವತ್ತು ಹೊರದೇಶದ ಗಿಟಾರಿನವರೂ ಕೊಳ್ಳುತ್ತಾರೆ. ಇಂಗ್ಲೆಂಡಿನ ಮಲ್ಲಾರ್ಡ್ ಹೆಸರಿಗೆ ಇರುವಷ್ಟು ಬೆಲೆ ಇದಕ್ಕಿಲ್ಲ, ಆದರೆ ಕಸ ಅಂತ ಯಾರೂ ಅನ್ನುವುದಿಲ್ಲ. ಕಾಕಾನ ಅಂಗಡಿಯ ಡಬ್ಬಿಯಲ್ಲಿ ಸ್ಕ್ರೂ, ಪಿನ್ನು, ಹಳೆಯ ಬ್ಯಾಟರಿಗಳ ಜೊತೆ ಇಂಥ ಐದಾರು ವಾಲ್ವ್ ರಟ್ಟಿನ ಪೊಟ್ಟಣದ ಸಮೇತ ಬಿದ್ದಿದ್ದವು. ಬಳಸದೇ ಪೊಟ್ಟಣದಲ್ಲೇ ಉಳಿದದ್ದಕ್ಕೆ ಬೆಲೆ ಹೆಚ್ಚು. ಆ ಡಬ್ಬಿ ಗುಜರಿಗೆ ಹೋಗದೇ ಉಳಿದದ್ದು ಸ್ಕ್ರೂಗಳ ಪುಣ್ಯ.

ಹೊಸ ವಾಲ್ವ್ ಈಗಲೂ ತಯಾರಾಗುತ್ತವೆ. ಆದರೆ ರಷ್ಯಾದ ಸರಾತೊವ್, ಸ್ಲೊವಾಕಿಯಾದ ಚಾಡ್ಸಾ, ಚೀನಾ, ಹೀಗೆ ಬೆರಳೆಣಿಕೆಯ ಕಡೆಗಳಲ್ಲಿ ಮಾತ್ರ. 2022ರ ಮಾರ್ಚ್‌ನಲ್ಲಿ ಯುಕ್ರೇನ್ ಯುದ್ಧದ ಹೊತ್ತಿಗೆ ರಷ್ಯಾ ರಫ್ತು ತಡೆದಾಗ ಜಗತ್ತಿನ ಗಿಟಾರಿನವರೆಲ್ಲ ಗಾಬರಿಬಿದ್ದು ಸಿಕ್ಕಿದ್ದನ್ನು ಕೊಂಡಿಟ್ಟುಕೊಂಡರು. ಇನ್ನೊಂದು ಮಾತು. ಮಲ್ಲಾರ್ಡ್ ಅನ್ನುವ ಹಳೆಯ ಇಂಗ್ಲಿಷ್ ಹೆಸರನ್ನೇ ಕೊಂಡು ಈಗ ರಷ್ಯಾದಲ್ಲಿ ಮಾಡಿದ ಹೊಸ ವಾಲ್ವಿನ ಮೇಲೆ ಹಾಕುತ್ತಾರೆ. ಅದು ಕಾನೂನುಬದ್ಧ. ಆದರೆ ಮೇಲಿನ ಹೆಸರು ನೋಡಿ ಹಳತು ಅಂತ ತಿಳಿಯುವಂತಿಲ್ಲ. ವಾಲ್ವಿನ ಮೇಲಿನ ಬಣ್ಣದ ಅಕ್ಷರ ಬಟ್ಟೆಯಲ್ಲಿ ಉಜ್ಜಿದರೂ ಅಳಿಸುತ್ತದೆ, ಅಳಿಸಿ ಬೇರೆ ಹೆಸರು ಒತ್ತುವವರೂ ಇದ್ದಾರೆ. ಹಾಗಾಗಿ ನಿಮ್ಮ ಮನೆಯ ವಾಲ್ವನ್ನು ದಯವಿಟ್ಟು ಹೊಳೆಯಲಿ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಹೆಸರು ಹೋದರೆ ಅರ್ಧ ಬೆಲೆಯೂ ಹೋಯಿತು.

ಹೆಸರಿಗಿಂತ ಅದರ ಪಕ್ಕದ ಅಕ್ಷರ ನೋಡುವುದನ್ನು ಕಲಿಯಿರಿ, ಕಷ್ಟವೇನಿಲ್ಲ. ಯುರೋಪಿನ ಪದ್ಧತಿಯಲ್ಲಿ ಮೊದಲ ಇಂಗ್ಲಿಷ್ ಅಕ್ಷರ ಕಾಯುವ ತಂತಿಯದು. ಇ ಇದ್ದರೆ 6.3 ವೋಲ್ಟ್. ಡಿ ಇದ್ದರೆ 1.4 ವೋಲ್ಟ್, ಅಂದರೆ ಬ್ಯಾಟರಿ ರೇಡಿಯೊದ್ದು. ಕರೆಂಟ್ ಇಲ್ಲದ ಹಳ್ಳಿಗಳಲ್ಲಿ 90 ವೋಲ್ಟಿನ ದಪ್ಪ ಬ್ಯಾಟರಿ ಕಟ್ಟು ಇಟ್ಟು ಕೇಳುತ್ತಿದ್ದ ರೇಡಿಯೊ ಇವೇ. ಪಿ ಇದ್ದರೆ ಹೆಚ್ಚಾಗಿ ಟಿವಿಯದು. ಎರಡನೇ ಅಕ್ಷರ ಕೆಲಸದ್ದು: ಎಲ್ ಅಂದರೆ ಸ್ಪೀಕರಿಗೆ ಬಲ ಕೊಡುವುದು, ಸಿಸಿ ಅಂದರೆ ಸಣ್ಣ ದನಿಯನ್ನು ಎತ್ತುವ ಜೋಡಿ ವಾಲ್ವ್, ಎಂ ಅಂದರೆ ಮ್ಯಾಜಿಕ್ ಐ. ಸ್ಟೇಷನ್ ಸರಿಯಾಗಿ ಹಿಡಿದಾಗ ಹಸಿರು ಬೆಳಕು ಕೂಡಿಕೊಳ್ಳುತ್ತಿತ್ತಲ್ಲ, ಧಾರವಾಡ ಆಕಾಶವಾಣಿ ಹಚ್ಚುವಾಗ ಹಿರಿಯರು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ ಆ ಹಸಿರು ಕಣ್ಣು. ಅದು ಕೆಟ್ಟಿರದಿದ್ದರೆ ಅದೊಂದಕ್ಕೇ ಗಿರಾಕಿ ಇದ್ದಾರೆ.

ಯು ಅಕ್ಷರದಿಂದ ಶುರುವಾಗುವ ವಾಲ್ವ್ ಕಂಡರೆ ಕೈ ಹಿಂದೆ ತೆಗೆಯಿರಿ. ಯುಎಲ್84, ಯುವೈ85 ಅಂತ ಇರುತ್ತವೆ. ಇಂಥ ರೇಡಿಯೊಗಳಲ್ಲಿ ಎಷ್ಟೋ ಸಲ ಕರೆಂಟನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರ್ ಇರುವುದೇ ಇಲ್ಲ. ಗೋಡೆಯ ಕರೆಂಟಿನ ಒಂದು ತಂತಿ ನೇರವಾಗಿ ಒಳಗಿನ ತಗಡಿಗೇ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಇಡೀ ತಗಡಿನಲ್ಲಿ 230 ವೋಲ್ಟ್. ಹೊರಗಿನ ಗುಂಡಿ ಬಿಚ್ಚಿಹೋಗಿ ಬರೀ ಕಬ್ಬಿಣದ ಕಡ್ಡಿ ಉಳಿದಿದ್ದರೆ ಅದನ್ನು ಮುಟ್ಟಿದವರಿಗೆ ಶಾಕ್.

ಮೈಕ್ ಸೆಟ್ಟಿನ ಆಂಪ್ಲಿಫೈಯರ್ ಇನ್ನೂ ಒಂದು ಕೈ ಮೇಲೆ. ಅದರೊಳಗೆ 400 ವೋಲ್ಟಿನಷ್ಟು ಹರಿಯುತ್ತದೆ. ಪ್ಲಗ್ ಕಿತ್ತ ಮೇಲೂ ದಪ್ಪ ಕಂಡೆನ್ಸರುಗಳಲ್ಲಿ ಅದು ಉಳಿದಿರಬಹುದು. ವಿಡಿಯೊ ನೋಡಿ ರೆಡ್ ಮರ್ಕ್ಯುರಿ ಹುಡುಕಲು ಸ್ಕ್ರೂಡ್ರೈವರ್ ಹಾಕಿ ಕೆದಕುವ ಹುಡುಗರನ್ನು ನೆನೆದರೆ ನಮಗೆ ಹೆದರಿಕೆ ಆಗುವುದು ಇದಕ್ಕೇ. ಮೋಸದಲ್ಲಿ ದುಡ್ಡು ಹೋದೀತು, ಇಲ್ಲಿ ಜೀವವೇ ಹೋದೀತು. ವಾಲ್ವಿನ ನೆತ್ತಿಯ ಮೇಲೆ ಒಳಗಡೆ ಬೆಳ್ಳಿಯಂತೆ ಹೊಳೆಯುವ ಬಣ್ಣ ಇರುತ್ತದೆ. ಪಾದರಸ ಅಂತ ತೋರಿಸುವುದಕ್ಕೆ ಅನುಕೂಲ. ಅದು ಬೇರಿಯಂ, ಒಳಗೆ ಉಳಿದ ಗಾಳಿಯನ್ನು ಹೀರಿಕೊಳ್ಳಲಿ ಅಂತ ಕಾರ್ಖಾನೆಯಲ್ಲಿ ಬಳಿದದ್ದು. ಅದರಿಂದ ನಿಮಗೊಂದು ಉಪಯೋಗ ಇದೆ. ಆ ಬಣ್ಣ ಬೆಳ್ಳಿಯಾಗಿಯೇ ಇದ್ದರೆ ಒಳಗೆ ಗಾಳಿ ಹೋಗಿಲ್ಲ ಅಂತ ಅರ್ಥ. ಹಾಲಿನಂತೆ ಬೆಳ್ಳಗಾಗಿದ್ದರೆ ಗಾಜು ಬಿರುಕು ಬಿಟ್ಟು ಗಾಳಿ ಹೊಕ್ಕಿದೆ, ಆ ವಾಲ್ವ್ ಸತ್ತಿದೆ. ಕರೆಂಟ್ ಇಲ್ಲದೆ, ಉಪಕರಣ ಇಲ್ಲದೆ, ಬರೀ ಕಣ್ಣಲ್ಲಿ ಮಾಡಬಹುದಾದ ಪರೀಕ್ಷೆ ಇದೊಂದೇ.

ಮೂವತ್ತು ವರ್ಷ ಅಟ್ಟದ ಮೇಲಿದ್ದ ಪೆಟ್ಟಿಗೆಯನ್ನು ‘ಓಡುತ್ತದೋ ನೋಡೋಣ’ ಅಂತ ನೇರ ಪ್ಲಗ್ಗಿಗೆ ಹಾಕುವುದು ಮಾರುವವರು ಮಾಡುವ ಕೆಟ್ಟ ಕೆಲಸ. ಒಳಗಿನ ಕಂಡೆನ್ಸರ್ ಒಣಗಿರುತ್ತದೆ, ಶಾರ್ಟ್ ಆಗುತ್ತದೆ, ಜೊತೆಗೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟ ಪೆಟ್ಟಿಗೆ ಮತ್ತೆ ಗುಜರಿಯೇ. ಹಳೆಯ ರೇಡಿಯೊ ಮೆಕ್ಯಾನಿಕ್‌ಗಳು ಸೀರೀಸ್ ಬಲ್ಬ್ ಬೋರ್ಡ್ ಇಟ್ಟುಕೊಂಡಿರುತ್ತಾರೆ. ಕರೆಂಟ್ ಮೊದಲು ಒಂದು ಬಲ್ಬಿನ ಮೂಲಕ ಹೋಗಿ ಪೆಟ್ಟಿಗೆಗೆ ಬರುತ್ತದೆ. ಬಲ್ಬ್ ಪೂರ್ತಿ ಉರಿದರೆ ಒಳಗೆ ಶಾರ್ಟ್, ಮಂದವಾದರೆ ಪರವಾಗಿಲ್ಲ. ಅಂಥವರು ನಿಮ್ಮ ತಾಲ್ಲೂಕಿನಲ್ಲಿ ಒಬ್ಬರಾದರೂ ಉಳಿದಿರುತ್ತಾರೆ. ವಯಸ್ಸಾಗಿರುತ್ತದೆ, ಬೇಗ ಹುಡುಕಿ. ಇಲ್ಲದಿದ್ದರೆ ‘ಓಡಿಸಿ ನೋಡಿಲ್ಲ’ ಅಂತ ನಿಜ ಹೇಳಿ ಮಾರಿ. ಓಡಿಸಿ ಸುಟ್ಟದ್ದಕ್ಕಿಂತ ಓಡಿಸದೇ ಇಟ್ಟದ್ದಕ್ಕೇ ಹೆಚ್ಚು ಬರುತ್ತದೆ.

ರೇಡಿಯೊ ಕೊಳ್ಳುವವರು ಬೇರೆ ಜಾತಿಯ ಗಿರಾಕಿಗಳು. ಅವರಿಗೆ ಮರದ ಪೆಟ್ಟಿಗೆ, ಸ್ಟೇಷನ್ ಹೆಸರಿರುವ ಗಾಜು, ಮುಂದಿನ ಬಟ್ಟೆ, ನಾಲ್ಕೂ ಗುಂಡಿ, ಹಿಂದಿನ ರಟ್ಟು ಮುಖ್ಯ. ಹಿಂದಿನ ರಟ್ಟನ್ನು ನಮ್ಮವರು ಮೊದಲು ಕಳೆಯುತ್ತಾರೆ, ಇಲಿ ಒಳಗೆ ಗೂಡು ಕಟ್ಟುತ್ತದೆ. 1980ರ ದಶಕದವರೆಗೆ ರೇಡಿಯೊಗೆ ಲೈಸೆನ್ಸ್ ಇತ್ತು, ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಬೇಕಿತ್ತು. ಆ ಪುಸ್ತಕ ರೇಡಿಯೊದ ಜೊತೆ ಇದ್ದರೆ ಕೊಡುವವರ ಮುಖ ಅರಳುತ್ತದೆ. ವಾರ್ನಿಷ್ ಹೊಡೆಸಿ ಹೊಸದು ಮಾಡಿದರೆ ಬೆಲೆ ಏರುತ್ತದೆ ಅನ್ನುವುದು ಸುಳ್ಳು, ಇಳಿಯುತ್ತದೆ. ಬೆಂಗಳೂರಿನ ಸಂಡೇ ಬಜಾರ್, ಮುಂಬೈನ ಚೋರ್ ಬಜಾರ್ ಕಡೆ ಹೋಗುವ ರೇಡಿಯೊಗಳಲ್ಲಿ ಎಷ್ಟೋ ಹೀಗೆ ಹಳ್ಳಿಗಳಿಂದ ಕೈ ಬದಲಿಸಿಕೊಂಡು ಬಂದವು. ಪ್ರತಿ ಕೈಯೂ ತನ್ನ ಪಾಲು ಸೇರಿಸಿಕೊಳ್ಳುತ್ತದೆ. ಅದನ್ನು ತಪ್ಪು ಅನ್ನಲಾರೆವು. ಮಳೆಯಲ್ಲಿ ಬೈಕಿನ ಹಿಂದೆ ರೇಡಿಯೊ ಕಟ್ಟಿಕೊಂಡು ಮೂವತ್ತು ಹಳ್ಳಿ ತಿರುಗುವವನಿಗೂ ಹೊಟ್ಟೆ ಇದೆ. ಆದರೆ ‘ಒಳಗೆ ನೋಡ್ತೀನಿ’ ಅಂತ ಮುಚ್ಚಳ ತೆಗೆದು ಒಳ್ಳೆಯ ವಾಲ್ವ್ ಜೇಬಿಗಿಳಿಸಿ ಕೆಟ್ಟದ್ದನ್ನು ಸಿಕ್ಕಿಸಿ, ‘ಇದು ಬ್ಯಾಡ ಬಿಡ್ರಿ’ ಅಂತ ಹೋಗುವವರೂ ಇದ್ದಾರಂತೆ. ಮುಚ್ಚಳ ತೆಗೆಯುವ ಮುಂಚೆ ನೀವೇ ಫೋನಿನಲ್ಲಿ ಎಲ್ಲ ಕಡೆಯಿಂದ ಫೋಟೊ ತೆಗೆದಿಟ್ಟುಕೊಳ್ಳಿ. ಅಕ್ಷರ ಕಾಣಬೇಕು.

ಕಾಕಾನ ಹತ್ತಿರ ಇನ್ನೊಂದು ಉಳಿದಿತ್ತು, ಮನೆಯ ಕೊಟ್ಟಿಗೆಯ ಮೇಲೆ, ಗೋಣಿಚೀಲ ಸುತ್ತಿ. ಹೋದ ಬೇಸಿಗೆಯಲ್ಲಿ ಬೆಂಗಳೂರಿನಿಂದ ಗಿಟಾರ್ ಬಾರಿಸುವ ಹುಡುಗನೊಬ್ಬ ಬಂದ. ಫೋಟೊ ನಾವೇ ಕಳಿಸಿದ್ದೆವು. ನಮ್ಮ ಎದುರಿಗೇ ವ್ಯಾಪಾರ ಆಗಲಿ ಅಂತ ಕಾಕಾ ಹಟ ಹಿಡಿದಿದ್ದರು. ಹುಡುಗ ಮುಚ್ಚಳ ತೆಗೆಯುವ ಮುಂಚೆ ‘ಅಂಕಲ್, ಓಪನ್ ಮಾಡ್ಲಾ?’ ಅಂತ ಕೇಳಿದ. ಅದರಲ್ಲೇ ಕಾಕಾಗೆ ಅವನು ಹಿಡಿಸಿದ. ಟಾರ್ಚ್ ಹಾಕಿ ಅರ್ಧ ಗಂಟೆ ನೋಡಿದ. ಎರಡೂ ಟ್ರಾನ್ಸ್‌ಫಾರ್ಮರ್ ಮೊದಲಿನವೇ, ಮತ್ತೆ ಸುತ್ತಿಸಿಲ್ಲ ಅಂತ ಖಾತ್ರಿ ಮಾಡಿಕೊಂಡ. ಒಂದು ಇಎಲ್34 ಸತ್ತಿತ್ತು, ನೆತ್ತಿ ಬೆಳ್ಳಗಾಗಿತ್ತು. ಅದನ್ನು ಮುಚ್ಚಿಡದೆ ಕಾಕಾನೇ ಬೆರಳು ಮಾಡಿ ತೋರಿಸಿದರು.

‘ಎಂಟು ಸಾವಿರ ಕೊಡ್ತೀನಿ ಅಂಕಲ್. ಕೆಪಾಸಿಟರ್ ಎಲ್ಲ ಹೊಸದು ಹಾಕಿಸ್ಬೇಕು, ಒಂದು ವಾಲ್ವ್ ಬೇರೆ ಹೋಗಿದೆ.’

‘ಹೋಗೇತಿ, ನಾನ ಹೇಳೀನಲ್ಲ. ಹೋಗದ್ದರ ಲೆಕ್ಕ ಹಿಡಿದಿ, ಇದ್ದದ್ದರ ಲೆಕ್ಕ ಹಿಡಿ’ ಅಂತ ಕಾಕಾ ಡಬ್ಬಿ ತಂದಿಟ್ಟರು. ಪೊಟ್ಟಣದಲ್ಲಿದ್ದ ವಾಲ್ವುಗಳನ್ನು ಕಂಡ ಹುಡುಗನ ಮುಖ ನೋಡಿಯೇ ಅವರಿಗೆ ಅರ್ಧ ಉತ್ತರ ಸಿಕ್ಕಿತು. ಚಹಾ ಬಂತು, ಮಂಡಕ್ಕಿ ಮಿರ್ಚಿ ಬಂತು. ಕೊನೆಗೆ ಡಬ್ಬಿಯ ವಾಲ್ವ್ ಸೇರಿ ಹದಿಮೂರು ಸಾವಿರದ ಐನೂರಕ್ಕೆ ಮುಗಿಯಿತು. ಇದನ್ನೇ ಊರ ರೇಟು ಅಂತ ಹಿಡಿಯಬೇಡಿ. ಆ ಪೆಟ್ಟಿಗೆಗೆ, ಆ ದಿನಕ್ಕೆ, ಆ ಇಬ್ಬರ ನಡುವೆ ಕುದುರಿದ ಬೆಲೆ ಅದು. ಗುಜರಿಯ ಲೆಕ್ಕದಲ್ಲಾದರೆ ಅದೇ ಪೆಟ್ಟಿಗೆ ಐನೂರೈವತ್ತರ ಆಸುಪಾಸು ಆಗುತ್ತಿತ್ತು.

ದುಡ್ಡು ಎಣಿಸಿ ಜೇಬಿಗಿಟ್ಟ ಮೇಲೆ ಕಾಕಾ ಕೇಳಿದ ಪ್ರಶ್ನೆ ಬೇರೆ. ‘ಇದನ್ನ ತುಗೊಂಡ್ ಹೋಗಿ ಒಡೀತಿಯೋ, ಬಾರಸ್ತಿಯೋ?’

‘ಬಾರಿಸೋಕೆ ಅಂಕಲ್, ಒಡೆಯೋಕಲ್ಲ.’

ವಾಲ್ವುಗಳನ್ನು ಒಂದೊಂದಾಗಿ ಕಿತ್ತು, ನಮ್ಮ ಚೀಲದಲ್ಲಿದ್ದ ಹಿಂದಿನ ದಿನದ ಪೇಪರಿನಲ್ಲಿ ಸುತ್ತಿ, ಯಾವುದು ಯಾವ ತೂತಿನದು ಅಂತ ಪೆನ್ನಿನಲ್ಲಿ ಬರೆದು ಬೇರೆ ಡಬ್ಬಿಗೆ ಹಾಕಿದರು. ಹಾಗೇ ಕಾರಿನಲ್ಲಿ ಒಯ್ದರೆ ಕುಣಿತಕ್ಕೆ ಒಳಗಿನ ತಂತಿ ಕಡಿಯುತ್ತದೆ ಅಂತ ಕಾಕಾನ ಸೂಚನೆ. ಪೆಟ್ಟಿಗೆ ಹಿಂದಿನ ಸೀಟಿನಲ್ಲಿ ಗೋಣಿಚೀಲದ ಮೇಲೆ ಕೂತಿತು. ಹುಡುಗ ಮರದ ಹಾರ್ನಿನ ಕಡೆಯೂ ಒಮ್ಮೆ ನೋಡಿದ.

‘ಅದಕ್ಕ ಕೈ ಹಚ್ಚಬ್ಯಾಡ’ ಅಂದರು ಕಾಕಾ. ‘ಅದು ಯುಗಾದಿ ಜಾತ್ರಿಗಿ ಬೇಕು.’